ತುರ್ತು ಚೀಲ ಕಟ್ಟಿಟ್ಟುಕೊಳ್ಳಿ ಅಂತೀರಿ, ಅದರೊಳಗೆ ಹಾಕೋದೇನು?

ಮೃಗಶಿರಾ ಮಳೆ ಹತ್ತಿರ ಬಂತೆಂದರೆ ನಮ್ಮ ಭಾಗದ ಬಿಡಿ ವರದಿಗಾರರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಒಂದು ಪಟ್ಟಿ ಬಂದು ಬೀಳುತ್ತದೆ. ನದಿ ದಂಡೆಯ ಜನ ಎಚ್ಚರದಿಂದ ಇರಬೇಕು, ಪ್ರತಿ ಕುಟುಂಬ ಒಂದು ತುರ್ತು ಚೀಲ ಸಿದ್ಧ ಮಾಡಿಟ್ಟುಕೊಳ್ಳಬೇಕು. ಅದರಲ್ಲಿ ಟಾರ್ಚ್, ಬ್ಯಾಟರಿ, ರೇಡಿಯೊ, ಸೀಟಿ, ಔಷಧಿ, ಕುಡಿಯುವ ನೀರು, ಒಣ ಆಹಾರ, ದಾಖಲೆಪತ್ರ ಇರಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಲಹೆಗಳಿಂದ ಎತ್ತಿಕೊಂಡ ಪಟ್ಟಿ ಇದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಊರಿನ ಹೆಸರು ಬದಲಾಗುತ್ತದೆ, ಪಟ್ಟಿ ಬದಲಾಗುವುದಿಲ್ಲ. ಮರುದಿನ ಒಳಪುಟದಲ್ಲಿ ಅದು ಒಂದು ಕಾಲಂ ಸುದ್ದಿಯಾಗುತ್ತದೆ. ಅಲ್ಲಿಗೆ ಪೂರ್ವಸಿದ್ಧತೆ ಮುಗಿಯಿತು.

ಪಟ್ಟಿಯಲ್ಲಿರುವ ಯಾವ ವಸ್ತುವಿನ ಬಗ್ಗೆಯೂ ನನ್ನ ತಕರಾರಿಲ್ಲ. ಟಾರ್ಚ್ ಬೇಡ ಎಂದು ಯಾರು ಹೇಳುತ್ತಾರೆ? ನನ್ನ ತಕರಾರು ಆ ಪಟ್ಟಿ ಯಾರ ಕೈಗೆ ಹೋಗುತ್ತಿದೆ ಎಂಬುದರ ಬಗ್ಗೆ. ಆಪತ್ತಿಗೆ ದಾಸ್ತಾನು ಮಾಡಬೇಕಾದವರ ಸಾಲಿನಲ್ಲಿ ಕಾನೂನು ಮೊದಲು ನಿಲ್ಲಿಸಿರುವುದು ಜಿಲ್ಲಾಡಳಿತವನ್ನು. ಪಟ್ಟಿ ಬರುವುದು ಮಾತ್ರ ಹೊಳೆ ದಂಡೆಯ ಕೂಲಿ ಮನೆಗೆ. ನಾಳೆ ಹೊಳೆ ಬಂದು ಎಲ್ಲ ಕೊಚ್ಚಿ ಹೋದರೆ ‘ಮೊದಲೇ ಹೇಳಿದ್ದೆವಲ್ಲ’ ಅನ್ನುವುದಕ್ಕೆ ಒಂದು ಕಾಗದ ಸಿದ್ಧವಾಗಿರುತ್ತದೆ. ಇದನ್ನು ನಾವು ಒಪ್ಪಬಾರದು. ಯಾಕೆ ಒಪ್ಪಬಾರದು ಎಂದು ಲೆಕ್ಕ ಸಮೇತ ಹೇಳುತ್ತೇನೆ.

ಕೂಲಿ ಮನೆಯ ಲೆಕ್ಕ

ಹೊಲದಲ್ಲಿ ದುಡಿಯುವ ಮೈಗೆ ದಿನಕ್ಕೆ 400 ಗ್ರಾಂ ಕಾಳು ಎಂದು ಹಿಡಿಯೋಣ. ಐದು ಜನರ ಮನೆಗೆ ತಿಂಗಳಿಗೆ 60 ಕೆ.ಜಿ. ಬೇಕು. ಪಡಿತರದಲ್ಲಿ ತಲೆಗೆ 10 ಕೆ.ಜಿ.ಯಂತೆ ಒಂದು ಕಾಳೂ ಕಡಿಮೆಯಾಗದೆ ಸಿಕ್ಕಿತು ಅಂದುಕೊಂಡರೂ ಆಗುವುದು 50 ಕೆ.ಜಿ. ಉಳಿದ 10 ಕೆ.ಜಿ.ಯನ್ನು ಸಂತೆಯಿಂದಲೇ ತರಬೇಕು. ಎತ್ತಿಡುವುದಕ್ಕೆ ಉಳಿಯುವುದೆಲ್ಲಿ?

ಈಗ ಅದೇ ಮನೆಗೆ ಹದಿನೈದು ದಿನದ ದಾಸ್ತಾನು ಇಡಿ ಎಂದು ಹೇಳಿ. 30 ಕೆ.ಜಿ. ಜೋಳ ಅಥವಾ ಅಕ್ಕಿ, 4 ಕೆ.ಜಿ. ಬೇಳೆ, 2 ಲೀಟರ್ ಎಣ್ಣೆ, ಉಪ್ಪು, ಖಾರ, ಬೆಲ್ಲ, ಕಡ್ಡಿಪೆಟ್ಟಿಗೆ, ಟಾರ್ಚ್, ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಇದ್ದವರ ಗುಳಿಗೆ. ಉದ್ಯೋಗ ಖಾತರಿಯಲ್ಲಿ 2025–26ಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ನಿಮ್ಮೂರ ಸಂತೆಯ ದರ ಹಾಕಿ ನೀವೇ ಕೂಡಿಸಿ ನೋಡಿ, ಎಷ್ಟು ದಿನದ ಕೂಲಿ ಆ ಚೀಲದೊಳಗೆ ಹೋಗುತ್ತದೆ ಎಂದು. ಅಷ್ಟು ದಿನ ಮನೆಯವರು ಉಣ್ಣುವುದೇನು ಎಂಬ ಪ್ರಶ್ನೆಗೆ ಪ್ರಕಟಣೆಯಲ್ಲಿ ಉತ್ತರವಿಲ್ಲ.

ಇನ್ನೊಂದು ಸಂಗತಿ. ಪಡಿತರ ವ್ಯವಸ್ಥೆ ನಡೆಯುವುದೇ ತಿಂಗಳ ಲೆಕ್ಕದಲ್ಲಿ. ಈ ತಿಂಗಳು ಬಂದು ಹೆಬ್ಬೆಟ್ಟು ಒತ್ತಬೇಕು, ಈ ತಿಂಗಳದ್ದು ಒಯ್ಯಬೇಕು. ಸರ್ವರ್ ಇಲ್ಲ ಅಂದರೆ ನಾಳೆ ಬರಬೇಕು. ನಾಳೆಯ ಕೂಲಿ ಹೋಯಿತು. ಬೇಸಿಗೆಯಲ್ಲಿ ಗೋವಾಕ್ಕೆ, ಮಂಗಳೂರು ಕಡೆಗೆ ಕಟ್ಟಡದ ಕೆಲಸಕ್ಕೆ ಹೋದ ಮನೆಗಳು ಊರಿಗೆ ಮರಳುವುದು ಮಳೆ ಹಿಡಿಯುವ ಹೊತ್ತಿಗೆ. ಸರಿಯಾಗಿ ಹೊಳೆ ಏರುವ ಕಾಲಕ್ಕೆ ಮನೆ ಖಾಲಿ ಇರುತ್ತದೆ.

ನಡುವೆ ಒಂದು ಕಾಲ ಬಂತು. 2023ರ ಜುಲೈಯಿಂದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ಕೆ.ಜಿ.ಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಖಾತೆಗೆ ಹಾಕಲಾಯಿತು. ಕೇಂದ್ರ ಅಕ್ಕಿ ಕೊಡಲಿಲ್ಲ ಎಂದು ರಾಜ್ಯ, ರಾಜ್ಯ ಮೊದಲೇ ಯೋಚಿಸಲಿಲ್ಲ ಎಂದು ಕೇಂದ್ರ. ಆ ಜಗಳ ಅವರಿಗೇ ಇರಲಿ. ದಾಸ್ತಾನಿನ ದೃಷ್ಟಿಯಿಂದ ನೋಡಿದರೆ ಸಂಗತಿ ಇಷ್ಟೇ: ಮನೆಯ ಮೂಲೆಯಲ್ಲಿ ಇರಬಹುದಾಗಿದ್ದ ಕಾಳು ಬ್ಯಾಂಕಿನಲ್ಲಿ ಅಂಕಿಯಾಯಿತು. ರಸ್ತೆ ಮುಳುಗಿದ ದಿನ ಆ ಅಂಕಿಯನ್ನು ಒಲೆಯ ಮೇಲೆ ಇಡಲು ಬರುವುದಿಲ್ಲ. 2025ರಲ್ಲಿ ಮತ್ತೆ ಅಕ್ಕಿ ಬಂತು, ಒಳ್ಳೆಯದಾಯಿತು. ಆದರೆ ತಿಂಗಳ ಲೆಕ್ಕ ಮಾತ್ರ ಹಾಗೇ ಉಳಿಯಿತು.

‘ಮೊದಲೆಲ್ಲ ಹಗೇವು ಇರತಿದ್ವು’

ಈ ಮಾತು ಎತ್ತಿದರೆ ಕಟ್ಟೆಯ ಮೇಲೆ ಒಬ್ಬರಾದರೂ ಹೇಳುತ್ತಾರೆ: ‘ಪುಗಸಟ್ಟೆ ಅಕ್ಕಿ ಬಂದು ಮಂದಿ ಆಲಸಿ ಆದ್ರು. ಮೊದಲೆಲ್ಲ ಮನಿಗೊಂದು ಹಗೇವು ಇರತಿತ್ತು. ಎರಡು ವರ್ಷ ಮಳಿ ಆಗಲಿಲ್ಲಂದ್ರೂ ಜೋಳ ಇರತಿದ್ವು.’

ಇದರಲ್ಲಿ ಅರ್ಧ ನಿಜ ಇದೆ. ಆ ಅರ್ಧವನ್ನು ಗೌರವದಿಂದಲೇ ಹೇಳಬೇಕು. ಹಗೇವು ಅಂದರೆ ಬರೀ ಗುಂಡಿಯಲ್ಲ, ಅದೊಂದು ವಿದ್ಯೆ. ನೀರು ನಿಲ್ಲದ ಗಟ್ಟಿ ಜಾಗ ನೋಡಿ ತೋಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಒಳಗೆ ಹೊಟ್ಟೆ ಅಗಲ. ಗೋಡೆಗೂ ತಳಕ್ಕೂ ಒಣ ಕಣಿಕೆ, ಹುಲ್ಲಿನ ಹಾಸು. ಜೋಳ ತುಂಬಿ, ಮೇಲೆ ಹುಲ್ಲು ಮುಚ್ಚಿ, ಕಲ್ಲು ಹಾಕಿ ಮಣ್ಣು ಮೆತ್ತಿದರೆ ಒಳಗಿನ ಗಾಳಿ ಕೆಟ್ಟು ಹುಳ ಬದುಕುತ್ತಿರಲಿಲ್ಲ. ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತಿತ್ತು. ಬಾಯಿ ತೆಗೆದ ಮೇಲೆ ಸಾಕಷ್ಟು ಹೊತ್ತು ಬಿಟ್ಟು, ಉರಿಯುವ ದೀಪ ಇಳಿಸಿ ನೋಡಿ, ದೀಪ ಆರದಿದ್ದರೆ ಮಾತ್ರ ಇಳಿಯಬೇಕು. ಆ ಎಚ್ಚರ ತಪ್ಪಿ ಸತ್ತವರೂ ಇದ್ದಾರೆ. ಮನೆಯೊಳಗೆ ಕಣಜ, ಗಳಗಿ, ಹರವಿ. ತೊಗರಿಗೆ ಕೆಮ್ಮಣ್ಣು, ಬೇಳೆಗೆ ಔಡಲೆಣ್ಣೆ, ಕಾಳಿಗೆ ಬೂದಿ, ಬೇವಿನೆಲೆ. ಬೇಸಿಗೆ ಬಂತೆಂದರೆ ಶಾವಿಗೆ, ಸಂಡಿಗೆ, ಹಪ್ಪಳ. ಇದೆಲ್ಲ ಆಪತ್ತಿನ ದಾಸ್ತಾನು ತಾನೇ? ಬಹುಪಾಲು ಕೆಲಸ ಹೆಣ್ಣುಮಕ್ಕಳದ್ದು, ಯಾವ ಪ್ರಾಧಿಕಾರವೂ ಕಲಿಸಿದ್ದಲ್ಲ.

ಇನ್ನರ್ಧ ನಿಜವನ್ನು ಕಟ್ಟೆಯ ಹಿರಿಯರು ಹೇಳುವುದಿಲ್ಲ. ಆ ಹಗೇವು ಯಾರ ಅಂಗಳದಲ್ಲಿತ್ತು? ಭೂಮಿ ಇದ್ದವರ ಅಂಗಳದಲ್ಲಿ. ಭೂಮಿ ಇಲ್ಲದವರು ಮಳೆಗಾಲದಲ್ಲಿ ಕಾಳು ಮುಗಿದಾಗ ಆ ಹಗೇವಿನ ಬಾಯಿಗೇ ಹೋಗಿ ನಿಲ್ಲಬೇಕಿತ್ತು. ಒಂದು ಚೀಲ ತಂದರೆ ಸುಗ್ಗಿಗೆ ಒಂದೂವರೆ ಚೀಲ ಅಳೆಯಬೇಕು, ಇಲ್ಲದಿದ್ದರೆ ಆ ಮನೆಯ ಹೊಲದಲ್ಲಿ ದುಡಿದು ತೀರಿಸಬೇಕು. 1876–78ರ ದೊಡ್ಡ ಬರದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳ ಜನ ಹುಳದಂತೆ ಸತ್ತದ್ದು ಹಗೇವುಗಳು ಇದ್ದ ಕಾಲದಲ್ಲೇ. ಅದಕ್ಕೂ ಹಿಂದೆ, 1791–92ರ ಡೋಗಿ ಬರದಲ್ಲಿ ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವು. ಊರಿನಲ್ಲಿ ಕಾಳು ಇರುವುದು ಬೇರೆ, ಹಸಿದವನ ಬುಟ್ಟಿಗೆ ಅದು ಬರುವುದು ಬೇರೆ.

ಹಗೇವು ಹೋದದ್ದು ಜನ ಆಲಸಿಗಳಾದ ಕಾರಣದಿಂದಲೂ ಅಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂತು, ಕಾಲುವೆ ಬಂತು. ಜೋಳದ ಹೊಲಕ್ಕೆ ಕಬ್ಬು, ಹತ್ತಿ, ಗೋವಿನಜೋಳ ಬಂದವು. ಇವು ಮಾರುವ ಬೆಳೆಗಳು, ಎತ್ತಿಟ್ಟು ಉಣ್ಣುವವಲ್ಲ. ಕಬ್ಬಿನ ಬಿಲ್ಲು ಕಾರ್ಖಾನೆಯಿಂದ ಯಾವಾಗ ಬರುತ್ತದೆಂದು ರೈತನೇ ಕಾಯುತ್ತ ಕೂಡುತ್ತಾನೆ. ದೊಡ್ಡ ಮನೆಗಳು ಪಾಲಾದವು, ಅಂಗಳಕ್ಕೆ ಸಿಮೆಂಟು ಬಿತ್ತು, ಬಿಳಿಜೋಳ ಕೂಲಿಯವರ ಕೈಗೆ ಎಟುಕದ ದರಕ್ಕೆ ಹೋಯಿತು. ಹೀಗೆ ಮನೆ ಖಾಲಿಯಾಗುವ ಹೊತ್ತಿಗೆ 2013ರಲ್ಲಿ ಅನ್ನಭಾಗ್ಯ ಬಂದು ಒಲೆ ಆರದಂತೆ ಹಿಡಿಯಿತು. ಒಲೆ ಹೊತ್ತಿಸಿಟ್ಟದ್ದನ್ನು ಆಲಸ್ಯಕ್ಕೆ ಕಾರಣ ಅನ್ನುವವರು ಒಂದು ತಿಂಗಳು ಆ ಅಕ್ಕಿಯ ಮೇಲೆ ಸಂಸಾರ ಮಾಡಿ ತೋರಿಸಲಿ.

ಹೊಳೆಗೆ ಮನೆಯ ದಾಸ್ತಾನು ಲೆಕ್ಕಕ್ಕಿಲ್ಲ

ಈಗ ಹೊಳೆಯ ಮಾತು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರ ದಾಟಿ, ಎಂ.ಕೆ. ಹುಬ್ಬಳ್ಳಿ ಸೇತುವೆಯ ಕೆಳಗೆ ಹಾದು, ನವಿಲುತೀರ್ಥದಲ್ಲಿ ನಿಂತು, ಮುನವಳ್ಳಿ, ರಾಮದುರ್ಗದ ಕಡೆಗೆ ಇಳಿಯುತ್ತದೆ. ಮಳೆ ಸುರಿಯುವುದು ಮೇಲೆ ಖಾನಾಪುರದ ಕಾಡಿನಲ್ಲಿ. ನೀರು ಬಂದು ನುಗ್ಗುವುದು ಕೆಳಗೆ, ಆಕಾಶ ಬೆಳ್ಳಗಿರುವ ರಾಮದುರ್ಗದಲ್ಲಿ. 37.73 ಟಿಎಂಸಿ ಹಿಡಿಯುವ ಜಲಾಶಯ ತುಂಬುತ್ತ ಬಂದಾಗ ಯಾವ ಗೇಟು, ಯಾವ ಹೊತ್ತಿಗೆ, ಎಷ್ಟು ತೆಗೆಯಬೇಕು ಎಂಬುದು ಮನುಷ್ಯರು ಮಾಡುವ ತೀರ್ಮಾನ. ಅದು ತುರ್ತು ಚೀಲದ ಪಟ್ಟಿಯಲ್ಲಿ ಬರುವುದಿಲ್ಲ.

2019ರ ಆಗಸ್ಟ್‌ನಲ್ಲಿ ಏನಾಯಿತು? ಮುನವಳ್ಳಿಗೆ ನೀರು ನುಗ್ಗಿತು. ರಾಮದುರ್ಗ ಪಟ್ಟಣದ ತಗ್ಗಿನ ಓಣಿಗಳು, ಸುನ್ನಾಳ, ಹಂಪಿಹೊಳಿಯಂಥ ದಂಡೆಯ ಊರುಗಳು ಮುಳುಗಿದವು. ನೇಕಾರರ ಮಗ್ಗದ ಕುಣಿಗಳಲ್ಲಿ ಕೆಸರು ತುಂಬಿತು, ನೂಲು ಹಾಳಾಯಿತು. ಮನೆಯಲ್ಲಿದ್ದ ಜೋಳದ ಚೀಲ ನೀರು ಕುಡಿದು ಮೊಳಕೆ ಒಡೆದು ನಾರಿತು. ಬೈಲಹೊಂಗಲ, ಕಿತ್ತೂರು ಕಡೆ ಹೊಳೆಯ ಕಾಟ ಇಲ್ಲದ ಊರುಗಳಲ್ಲೂ ಹಿಡಿದ ಮಳೆಗೆ ಮಣ್ಣಿನ ಗೋಡೆಗಳು ಕುಸಿದವು. ಗೋಡೆ ಬಿದ್ದ ಮನೆಯ ಕಣಜ ಯಾರಿಗೆ ಉಪಯೋಗ? ಸಾಲದ್ದಕ್ಕೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಮಲಪ್ರಭೆ ಮತ್ತೆ ಬಂತು. ಆಗಸ್ಟ್ ನಂತರ ಸಾಲ ಮಾಡಿ ಕೂಡಿಟ್ಟುಕೊಂಡಿದ್ದವರ ಗತಿ ಏನಾಗಿರಬೇಕು, ನೀವೇ ಹೇಳಿ.

ಇಲ್ಲಿ ಒಂದು ಸರಳ ಸಂಗತಿಯನ್ನು ಪ್ರಕಟಣೆ ಬರೆಯುವವರು ಬಿಟ್ಟುಬಿಡುತ್ತಾರೆ. ಆಪತ್ತು ಮೂರು ಬಗೆ, ಮೂರಕ್ಕೂ ದಾಸ್ತಾನು ಬೇರೆ.

ನೆರೆ ಬಂದಾಗ ಮನೆ ಬಿಡಬೇಕು. ಹೆಗಲ ಮೇಲೆ ಹೊರುವಷ್ಟು ಮಾತ್ರ ಉಳಿಯುತ್ತದೆ. ಉಳಿದ ದಾಸ್ತಾನು ಎತ್ತರದ ಜಾಗದಲ್ಲಿ, ಊರಿನ ಹೆಸರಿನಲ್ಲಿ ಇರಬೇಕು.

ಲಾಕ್‌ಡೌನ್ ಬಂದಾಗ ಮನೆಯಲ್ಲೇ ಇರಬೇಕು. 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಘೋಷಣೆ, 12 ಗಂಟೆಗೆ ದೇಶ ಬಂದ್. ನಾಲ್ಕು ತಾಸಿನಲ್ಲಿ ಯಾರು ಸಂತೆ ಮಾಡಬಲ್ಲರು? ಆಗ ಕೈ ಹಿಡಿದದ್ದು ಮನೆಯಲ್ಲಿದ್ದ ಕಾಳು, ಇಲ್ಲದವರಿಗೆ ತಲೆಗೆ 5 ಕೆ.ಜಿ. ಹೆಚ್ಚುವರಿ ಪಡಿತರ. ಕಾರ್ಡು ಊರಲ್ಲಿದ್ದು ತಾವು ಗೋವಾದಲ್ಲಿ ಸಿಕ್ಕಿಬಿದ್ದವರಿಗೆ ಎರಡೂ ಇರಲಿಲ್ಲ.

ಬರ ಬಂದಾಗ ದಿನಗಳ ಲೆಕ್ಕ ನಡೆಯುವುದಿಲ್ಲ, ತಿಂಗಳುಗಳ ಲೆಕ್ಕ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಲಾಯಿತು. ರಾಜ್ಯ ಕೇಳಿದ್ದು 18 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಮುಂಗಾರು ಕೈಕೊಟ್ಟದ್ದು ಹಿಂದಿನ ವರ್ಷ, ಹಣ ಬಂದದ್ದು ಮುಂದಿನ ಬೇಸಿಗೆ. ರಾಜ್ಯ ಸರ್ಕಾರವೇ ಎಂಟು–ಹತ್ತು ತಿಂಗಳು ಕಾಯಬೇಕಾಗಿ ಬಂದ ಆಪತ್ತಿಗೆ ಕೂಲಿಯವನ ಮೂರು ದಿನದ ಚೀಲ ಯಾವ ಮೂಲೆಗೆ? ಆ ಕಾಲಕ್ಕೆ ಬೇಕಾದದ್ದು ಮೇವು, ಟ್ಯಾಂಕರ್ ನೀರು, ಕೈಗೆ ಕೆಲಸ.

ಮೂರಕ್ಕೂ ಸೇರಿಸಿ ಒಂದೇ ಪಟ್ಟಿ ಕಳಿಸುವುದು, ಜ್ವರಕ್ಕೂ ಮುರಿದ ಕಾಲಿಗೂ ಒಂದೇ ಗುಳಿಗೆ ಕೊಟ್ಟಂತೆ.

ಕಾನೂನು ಯಾರಿಗೆ ಹೇಳಿದೆ?

2005ರ ವಿಪತ್ತು ನಿರ್ವಹಣಾ ಕಾಯ್ದೆಯ 30ನೇ ಕಲಮನ್ನು ಬಿಚ್ಚಿ ನೋಡಿ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕೆಲಸಗಳ ಉದ್ದ ಪಟ್ಟಿ ಅಲ್ಲಿದೆ. ಆಪತ್ತಿನಲ್ಲಿ ಪರಿಹಾರ ಕೇಂದ್ರವಾಗಬಲ್ಲ ಕಟ್ಟಡಗಳನ್ನು ಮೊದಲೇ ಗುರುತಿಸಬೇಕು, ಅಲ್ಲಿ ನೀರು ಮತ್ತು ಶೌಚದ ವ್ಯವಸ್ಥೆ ಮಾಡಬೇಕು. ಪರಿಹಾರ ಮತ್ತು ರಕ್ಷಣಾ ಸಾಮಗ್ರಿಯ ದಾಸ್ತಾನು ಮಾಡಬೇಕು, ಇಲ್ಲವೇ ತಕ್ಷಣ ಸಿಗುವ ಹಾಗೆ ಸಿದ್ಧತೆ ಇಟ್ಟುಕೊಳ್ಳಬೇಕು. ಇದೇ ಕಾಯ್ದೆಯ 12ನೇ ಕಲಮು ಪರಿಹಾರ ಶಿಬಿರದಲ್ಲಿ ಆಸರೆ, ಊಟ, ಕುಡಿಯುವ ನೀರು, ವೈದ್ಯಕೀಯ ನೆರವು ಕನಿಷ್ಠ ಎಷ್ಟಿರಬೇಕು ಎಂದು ಮಾರ್ಗಸೂಚಿ ಮಾಡಲು ಹೇಳುತ್ತದೆ. ವಿಧವೆಯರ ಮತ್ತು ಅನಾಥ ಮಕ್ಕಳ ವಿಚಾರವನ್ನು ಪ್ರತ್ಯೇಕವಾಗಿ ಹೆಸರಿಸುತ್ತದೆ.

ಈ ಕಲಮುಗಳ ಪ್ರಕಾರ ಮಳೆಗಾಲಕ್ಕೆ ಮುಂಚೆ ಬರಬೇಕಾದ ಪ್ರಕಟಣೆ ಬೇರೆಯೇ ಇದೆ. ‘ಇಂತಿಂಥ ಊರಿಗೆ ಇಂತಿಂಥ ಶಾಲೆ ಪರಿಹಾರ ಕೇಂದ್ರ. ಅಲ್ಲಿ ಇಷ್ಟು ಜನರಿಗೆ ಇಷ್ಟು ದಿನಕ್ಕಾಗುವ ಕಾಳು, ಇಷ್ಟು ಹಾಸಿಗೆ, ಇಷ್ಟು ನೀರಿನ ಟ್ಯಾಂಕು ಇವೆ. ಬೀಗದ ಕೈ ಇಂಥವರ ಹತ್ತಿರ ಇದೆ.’ ಇಂಥ ಪ್ರಕಟಣೆ ನನ್ನ ಫೋನಿಗೆ ಇದುವರೆಗೆ ಬಂದಿಲ್ಲ. ಬಂದ ದಿನ ಮೊದಲ ಪುಟಕ್ಕೆ ಕಳಿಸುತ್ತೇನೆ.

2019ರ ಆಗಸ್ಟ್ ನೆನಪಿಸಿಕೊಳ್ಳಿ. ಜುಲೈ 26ರಂದು ಪ್ರಮಾಣವಚನ ತೆಗೆದುಕೊಂಡ ಮುಖ್ಯಮಂತ್ರಿ ಆಗಸ್ಟ್ 20ರವರೆಗೆ ಒಬ್ಬರೇ ಸಂಪುಟವಾಗಿದ್ದರು. ಉತ್ತರ ಕರ್ನಾಟಕ ಮುಳುಗುತ್ತಿದ್ದ ಹೊತ್ತಿಗೆ ಕಂದಾಯ ಮಂತ್ರಿ ಇಲ್ಲ, ಆಹಾರ ಮಂತ್ರಿ ಇಲ್ಲ, ಜಿಲ್ಲೆಗೊಬ್ಬ ಉಸ್ತುವಾರಿ ಇಲ್ಲ. ಶಿಬಿರಗಳಿಗೆ ಮೊದಲು ಬಂದದ್ದೇನು? ನೆರೆ ಬಾರದ ಊರುಗಳ ಹೆಣ್ಣುಮಕ್ಕಳು ಬಡಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಠಗಳ ಅನ್ನ, ಸಂಘಗಳ ಚಾದರ. ಚೀಲಗಟ್ಟಲೆ ರೊಟ್ಟಿ ಟಂಟಂನಲ್ಲಿ, ಟ್ರಾಕ್ಟರಿನಲ್ಲಿ ಬಂದವು. ಅದನ್ನು ನಾವೆಲ್ಲ ‘ಮಾನವೀಯತೆ’ ಎಂದು ಬರೆದೆವು, ಸರಿಯೇ. ಅದರ ಜೊತೆಗೆ ಕೇಳಬೇಕಾದ ಪ್ರಶ್ನೆಯೂ ಇದೆ. ಒಂದು ಜಿಲ್ಲೆಯ ಆಪತ್ತಿನ ದಾಸ್ತಾನು ಪಕ್ಕದ ಊರಿನ ಅವ್ವಂದಿರ ಹಂಚಿನ ಮೇಲೆ ನಿಂತಿದ್ದರೆ, ಕಾಯ್ದೆ ಬಂದು ಹದಿನಾಲ್ಕು ವರ್ಷ ಪ್ರಾಧಿಕಾರ ಏನು ಕೂಡಿಟ್ಟಿತ್ತು?

ನೀರು ಇಳಿದ ಮೇಲೆ ಕುಟುಂಬಕ್ಕೆ 10 ಸಾವಿರ ರೂಪಾಯಿ ತುರ್ತು ಪರಿಹಾರ ಬಂತು, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಣೆಯಾಯಿತು. ಬೇಡ ಅನ್ನುವುದಿಲ್ಲ. ಆದರೆ ನಮ್ಮ ಗಾದೆಯೇ ಹೇಳುತ್ತದಲ್ಲ, ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು. ಕಿತ್ತೂರಿನ ಕೋಟೆ ಇರುವ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೂಡಿಡು ಅನ್ನುವವರೂ ಅವರೇ, ಕೂಡಿಡಬೇಡ ಅನ್ನುವವರೂ ಅವರೇ

2025ರ ಮೇ ತಿಂಗಳಿನಲ್ಲಿ ಗಡಿಯಲ್ಲಿ ಕಾಳಗ ನಡೆದಾಗ ನಮ್ಮ ಊರುಗಳ ಫೋನುಗಳಲ್ಲೂ ಎರಡು ತಿಂಗಳ ಸಾಮಾನು ತುಂಬಿಟ್ಟುಕೊಳ್ಳಿ ಎಂಬ ಸಂದೇಶ ಓಡಾಡಿತು. ಕೇಂದ್ರದ ಆಹಾರ ಸಚಿವರು ದೇಶದಲ್ಲಿ ಧಾನ್ಯ ಸಾಕಷ್ಟಿದೆ, ಗಾಬರಿಯಿಂದ ಕೊಳ್ಳಬೇಡಿ, ದಾಸ್ತಾನು ಮಾಡುವ ವ್ಯಾಪಾರಿಗಳ ಮೇಲೆ ಕ್ರಮ ಎಂದರು. ಅದು ಸರಿಯಾದ ಮಾತು. ಗಾಬರಿಯ ಸಂತೆಯಲ್ಲಿ ಲಾಭ ಅಂಗಡಿಯವನಿಗೆ, ಪೆಟ್ಟು ಕೊನೆಗೆ ಬರುವ ಕೂಲಿಯವನಿಗೆ. ರೊಕ್ಕ ಇದ್ದವರು ಮೊದಲ ದಿನವೇ ತುಂಬಿಕೊಂಡಿರುತ್ತಾರೆ.

ಅದೇ ವರ್ಷದ ಮಾರ್ಚ್‌ನಲ್ಲಿ ಯುರೋಪಿನ ಒಕ್ಕೂಟ ತನ್ನ ಜನಕ್ಕೆ 72 ತಾಸಿಗಾಗುವಷ್ಟು ಸಾಮಾನು ಮನೆಯಲ್ಲಿಡಿ ಎಂದು ಹೇಳಿತು. ಸ್ವೀಡನ್ ಮನೆಮನೆಗೆ ಪುಸ್ತಿಕೆ ಹಂಚಿತು. ನಮ್ಮಲ್ಲಿ ಕೆಲವರು ಅದನ್ನು ತೋರಿಸಿ ‘ನೋಡಿ, ಅಲ್ಲಿ ಜನ ಎಷ್ಟು ಜವಾಬ್ದಾರರು’ ಅನ್ನುತ್ತಾರೆ. ಅಲ್ಲಿ ತಿಂಗಳ ಸಂಬಳ, ಗಟ್ಟಿ ಗೋಡೆ, ನಲ್ಲಿಯಲ್ಲಿ ಸದಾ ನೀರು ಇದ್ದು, ಅದರ ಮೇಲೆ ಮೂರು ದಿನದ ಚೀಲ. ನಮ್ಮಲ್ಲಿ ನಲ್ಲಿಗೆ ನೀರು ಬರುವುದೇ ಎಂಟು ದಿನಕ್ಕೊಮ್ಮೆ ಇರುವ ಓಣಿಗಳಿವೆ. ಆ ಓಣಿಯ ಹೆಣ್ಣುಮಗಳು ಕೊಡ, ಬ್ಯಾರಲ್, ತಪ್ಪಲಿ ಎಲ್ಲ ತುಂಬಿಟ್ಟುಕೊಂಡೇ ಬದುಕುತ್ತಾಳೆ. ಆಕೆಗೆ ವರ್ಷವಿಡೀ ತುರ್ತು ಪರಿಸ್ಥಿತಿಯೇ.

ಚೀಲ ಕಟ್ಟುವುದು ಹೇಗೆಂದು ಗೊತ್ತಿಲ್ಲದ ಜನವೂ ನಮ್ಮವರಲ್ಲ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡುವ ಮನೆಯವರು ದಿನಗಟ್ಟಲೆಯ ಬುತ್ತಿ ಕಟ್ಟುತ್ತಾರೆ. ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ, ಪುಟಾಣಿ, ಬೆಲ್ಲ, ಎತ್ತಿಗೆ ಮೇವು, ಮಳೆ ಬಂದರೆ ತಾಡಪತ್ರಿ. ಈ ಜನಕ್ಕೆ ಒಣ ಆಹಾರ ಅಂದರೇನೆಂದು ಪ್ರಕಟಣೆಯಲ್ಲಿ ಕಲಿಸುವುದು ಸಾಕು. ವಿದ್ಯೆ ಇದೆ, ಕಾಳಿಲ್ಲ.

ಹಾಗಾದರೆ ಆಗಬೇಕಾದದ್ದೇನು?

ಒಂದು. ಮಲಪ್ರಭೆ ದಂಡೆಯ ಎಲ್ಲ ಊರುಗಳಿಗೆ ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳ ಪಡಿತರವನ್ನು ಮಳೆ ಹಿಡಿಯುವ ಮೊದಲೇ ಕೊಡಿ. ಇದು ಕನಸಿನ ಮಾತಲ್ಲ. 2025ರಲ್ಲಿ ಕೇಂದ್ರ ಸರ್ಕಾರವೇ ಮಳೆಗಾಲದ ಕಾರಣ ಹೇಳಿ ಜೂನ್‌ನಿಂದ ಆಗಸ್ಟ್‌ವರೆಗಿನ ಧಾನ್ಯವನ್ನು ಮುಂಗಡವಾಗಿ ಹಂಚಲು ರಾಜ್ಯಗಳಿಗೆ ಸೂಚಿಸಿತ್ತು. ಒಂದು ವರ್ಷಕ್ಕೆ ಆಗುವುದು ಪ್ರತಿ ವರ್ಷ ಯಾಕಾಗಬಾರದು?

ಎರಡು. ಊರಿಗೊಂದು ಕಾಳಿನ ಮನೆ. ಪಿಕೆಪಿಎಸ್ ಗೋದಾಮು ಇರುವ ಕಡೆ ಅದರಲ್ಲೇ ಒಂದು ಭಾಗ, ಇಲ್ಲದ ಕಡೆ ನೆರೆಯ ಗುರುತಿಗಿಂತ ಮೇಲಿನ ಶಾಲೆಯಲ್ಲೋ ಸಮುದಾಯ ಭವನದಲ್ಲೋ. ಸಹಕಾರ ಸಂಘಗಳ ಮೂಲಕ ಧಾನ್ಯ ಸಂಗ್ರಹಣೆಯ ದೊಡ್ಡ ಯೋಜನೆಗೆ ಕೇಂದ್ರ ಸಂಪುಟ 2023ರಲ್ಲೇ ಒಪ್ಪಿಗೆ ಕೊಟ್ಟಿದೆ. 2025–26ಕ್ಕೆ ಮಾಲದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749 ರೂಪಾಯಿ. ಆ ದರಕ್ಕೆ ನಮ್ಮದೇ ಎರೆ ಹೊಲದ ಜೋಳ ಕೊಂಡು ಇಲ್ಲೇ ಇಡಿ. ಹಳೆಯ ಕಾಳನ್ನು ಪ್ರತಿ ವರ್ಷ ಅಂಗನವಾಡಿಗೆ, ಬಿಸಿಯೂಟಕ್ಕೆ, ಪಡಿತರಕ್ಕೆ ಹೊರಡಿಸಿ ಹೊಸದನ್ನು ತುಂಬಿ. ಇದು ಹೊಸ ಕಾಲದ ಹಗೇವು. ಹಳೆಯದಕ್ಕೂ ಇದಕ್ಕೂ ಒಂದೇ ವ್ಯತ್ಯಾಸ ಇರಲಿ: ಇದರ ಬಾಯಿ ಒಬ್ಬ ಗೌಡರ ಅಂಗಳದಲ್ಲಿ ಇರಬಾರದು, ಲೆಕ್ಕ ಗ್ರಾಮಸಭೆಯ ಮುಂದೆ ಇರಬೇಕು.

ಮೂರು. ನೆರೆಗೆ ಸಿಕ್ಕವರು ಶಿಬಿರದಲ್ಲಿ ಹೆಬ್ಬೆಟ್ಟು ಒತ್ತಬೇಕಾದ, ಕಾರ್ಡು ತೋರಿಸಬೇಕಾದ ಪ್ರಮೇಯ ಬರಬಾರದು. ಕಾರ್ಡು ಹೊಳೆ ಪಾಲಾಗಿದೆ ಎಂದು ಸಾಬೀತು ಮಾಡುವುದಕ್ಕೆ ಇನ್ನೊಂದು ಕಾಗದ ಕೇಳಬಾರದು.

ನಾಲ್ಕು. ಮೇವು. ಮನುಷ್ಯರನ್ನು ಶಿಬಿರಕ್ಕೆ ಕರೆದು ಎಮ್ಮೆಯನ್ನು ದಂಡೆಯಲ್ಲಿ ಬಿಡಿ ಅಂದರೆ ಯಾರೂ ಬರುವುದಿಲ್ಲ. ಪ್ರತಿ ಸಲ ‘ಜನ ಮನೆ ಬಿಡಲು ಒಪ್ಪುತ್ತಿಲ್ಲ’ ಎಂದು ಅಧಿಕಾರಿಗಳು ದೂರುತ್ತಾರೆ. ಕೊಟ್ಟಿಗೆಯ ಕಡೆ ನೋಡಿದರೆ ಕಾರಣ ಕಾಣುತ್ತದೆ.

ಐದು. ರೊಟ್ಟಿಯನ್ನು ಬರೀ ದಾನಕ್ಕೆ ಬಿಡಬೇಡಿ. ಮಹಿಳಾ ಸ್ವಸಹಾಯ ಸಂಘಗಳ ಜೊತೆ ಮೇ ತಿಂಗಳಿನಲ್ಲೇ ದರ ಗೊತ್ತು ಮಾಡಿ ಒಪ್ಪಂದ ಮಾಡಿಕೊಳ್ಳಿ. ಆಪತ್ತು ಬಂದ ದಿನ ಇಷ್ಟು ರೊಟ್ಟಿ, ಇಷ್ಟು ಚಟ್ನಿ, ಕೈಗೆ ಕೂಲಿ. ಹೆಣ್ಣುಮಕ್ಕಳ ದುಡಿಮೆಯನ್ನು ಹೊಗಳಿದ್ದು ಸಾಕು, ಬಿಲ್ಲು ಮಾಡಿ.

ಮನೆಯಲ್ಲಿ ಆಗುವಷ್ಟು

ಇಷ್ಟು ಹೇಳಿ, ಮನೆಯವರು ಏನೂ ಮಾಡಬೇಡಿ ಅನ್ನುವುದು ನನ್ನ ಮಾತಲ್ಲ. ಸರ್ಕಾರ ಬರುವವರೆಗೆ ಜೀವ ಉಳಿಯಬೇಕಲ್ಲ. ರೊಕ್ಕ ಹೆಚ್ಚು ಬೇಡದ ನಾಲ್ಕೈದು ಸಂಗತಿ ಹೇಳುತ್ತೇನೆ.

ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಉತಾರ, ಮಕ್ಕಳ ಮಾರ್ಕ್ಸ್ ಕಾರ್ಡು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದೇ ಕಡೆ ಇಡಿ, ಫೋನಿನಲ್ಲಿ ಫೋಟೊ ತೆಗೆದು ದೂರದ ನೆಂಟರಿಗೂ ಕಳಿಸಿಡಿ. ದಿನಾ ನುಂಗುವ ಗುಳಿಗೆ ಮುಗಿಯಲು ಒಂದು ವಾರ ಇರುವಾಗಲೇ ತನ್ನಿ. ಐದು ಜನಕ್ಕೆ ಮೂರು ದಿನ ಕುಡಿಯಲು, ಅಡಿಗೆಗೆ 60 ಲೀಟರ್ ನೀರು ಬೇಕು, ಅಂದರೆ 20 ಲೀಟರಿನ ಮೂರು ಕ್ಯಾನು. ನೆರೆ ನೀರು ಹೊಕ್ಕ ಬಾವಿ, ಬೋರಿನ ನೀರನ್ನು ಕುದಿಸದೆ ಕುಡಿಯಬೇಡಿ. ಭೇದಿ ಹತ್ತಿದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹದ ಚಮಚದ ಅಳತೆ. ಕಾಳು ಎತ್ತಿಡುವವರು ಚೀಲವನ್ನು ನೆಲಕ್ಕೆ ತಾಗಿಸದೆ ಅಟ್ಟದ ಮೇಲೆ ಇಡಿ, ಮುಂದಿನದನ್ನು ತಂದಾಗ ಹಿಂದಿನದನ್ನು ಮೊದಲು ಉಣ್ಣಿ. ಹುಳಕ್ಕೆಂದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮಲಗುವ ಮನೆಯಲ್ಲಿ ಖಂಡಿತ ಇಡಬೇಡಿ. ಅದರಿಂದ ಏಳುವ ಗಾಳಿ ಮಲಗಿದವರನ್ನು ಏಳಿಸುವುದಿಲ್ಲ. ಬೇವಿನೆಲೆ, ಬೂದಿ, ಒಳ್ಳೆ ಬಿಸಿಲು ಸಾಕು.

ಇಷ್ಟು ಮಾಡಿ, ಆಮೇಲೆ ಗ್ರಾಮಸಭೆಗೆ ಹೋಗಿ ಕೇಳಿ. ನಮ್ಮೂರಿನ ಪರಿಹಾರ ಕೇಂದ್ರ ಯಾವುದು? ಅಲ್ಲಿ ಇವತ್ತು ಎಷ್ಟು ಕಾಳು ಇದೆ? ಬೀಗದ ಕೈ ಯಾರ ಹತ್ತಿರ ಇದೆ? ಅಣೆಕಟ್ಟಿನ ಗೇಟು ತೆಗೆಯುವ ಎಷ್ಟು ತಾಸು ಮೊದಲು, ಯಾರು, ಹೇಗೆ ನಮಗೆ ಹೇಳುತ್ತಾರೆ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ.

ನಮ್ಮ ಈ ಗುಂಪಿನಲ್ಲಿ ಬರೆಯುವ ಗೆಳೆಯರಿಗೂ ಒಂದು ಮಾತು. ಮುಂದಿನ ಸಲ ಆ ಪಟ್ಟಿ ಬಂದಾಗ ಟೈಪ್ ಮಾಡಿ ಕಳಿಸುವ ಮೊದಲು ಇದೇ ನಾಲ್ಕು ಪ್ರಶ್ನೆಗಳನ್ನು ತಹಶೀಲ್ದಾರರಿಗೆ ಕೇಳೋಣ. ಮಾತಿನಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳೋಣ. ನಾಲ್ಕು ತಾಲ್ಲೂಕಿನ ದಾಸ್ತಾನಿನ ಪಟ್ಟಿ ಕೈಗೆ ಬಂದರೆ ಜನರ ಚೀಲದ ಪಟ್ಟಿಯ ಪಕ್ಕದಲ್ಲೇ ಅದನ್ನೂ ಅಚ್ಚು ಹಾಕಿಸೋಣ. ಯಾರ ಚೀಲ ಖಾಲಿ ಇದೆ ಎಂದು ಓದುಗರೇ ನೋಡಿಕೊಳ್ಳುತ್ತಾರೆ.